ಕಾಕಾನ ಎರಡನೇ ಬೈತಲೆ

ನಮ್ಮ ಕಾಕಾನ ತಲೆಯಲ್ಲಿ ಎರಡು ಬೈತಲೆಗಳಿದ್ದವು. ಒಂದು ಬಾಚಣಿಕೆ ತೆಗೆದದ್ದು. ಇನ್ನೊಂದು ವಾಕ್‌ಮನ್ನಿನ ಹೆಡ್‌ಫೋನ್ ಪಟ್ಟಿ ಒತ್ತಿ ಒತ್ತಿ, ಈ ಕಿವಿಯಿಂದ ಆ ಕಿವಿಗೆ ಅಡ್ಡಡ್ಡ ಮೂಡಿಸಿದ್ದು. ತಲೆಗೆ ಎರೆದುಕೊಂಡು ಬಂದರೂ ಅದು ಮಾಸುತ್ತಿರಲಿಲ್ಲ.

ಮೊನ್ನೆ ಅವನ ಹದಿಮೂರನೇ ದಿನದ ಊಟಕ್ಕೆ ನಾರಾಯಣಗೂಡದ ನಮ್ಮ ಮನೆಗೆ ಬಂದವರೆಲ್ಲ ಒಂದೇ ಮಾತು ಆಡಿದರು: 'ಸಂಗೀತಾನ ಅವನ ಉಸಿರಾಗಿತ್ತು ಬಿಡ್ರಿ.' ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ಎದುರು ಪಕ್ಷದವರು ಇಂಥ ವಾಕ್ಯ ಹೇಳಿದರೆ ಅರ್ಧ ನಿಮಿಷದಲ್ಲಿ ಬಿಚ್ಚಿಡಬಲ್ಲೆ. ಆ ಎರಡನೇ ಬೈತಲೆ ಎಂಟು ವರ್ಷದ ಹಿಂದೆಯೇ ಅಳಿಸಿಹೋಗಿತ್ತು. ಎಂಟು ವರ್ಷ ಕಾಕಾ ತಾನಾಗಿ ಒಂದು ಸ್ವರವನ್ನೂ ಕೇಳಲಿಲ್ಲ. ಅದು ಉಸಿರೇ ಆಗಿದ್ದರೆ ಬದುಕಿದ್ದು ಹೇಗೆ?

ಅವನು ರಸಿಕ ಎನ್ನುವುದೂ ಅಷ್ಟೇ. ಮನೆಯಲ್ಲಿ ಭಜನೆ ಶುರುವಾದರೆ ಕಾಕಾ ಮಾಳಿಗೆ ಹತ್ತುತ್ತಿದ್ದ. ಮದುವೆಯ ಬ್ಯಾಂಡು ಬಂದರೆ ಮೋರೆ ಬಿಳಿಚಿಕೊಳ್ಳುತ್ತಿತ್ತು. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಸಾರಂಗಿ ಕ್ಯಾಸೆಟ್ಟು, ಅದರಲ್ಲೂ ಮೊದಲ ಬದಿ ಮಾತ್ರ. ಸವೆದಂತೆಲ್ಲ ಕೋಠಿ ಪೇಟೆಯ ಅದೇ ಅಂಗಡಿಗೆ ಹೋಗಿ ಅದನ್ನೇ ಮತ್ತೆ ತರುತ್ತಿದ್ದ. 'ಸಾಬ್, ದೂಸ್ರಾ ಭೀ ಸುನೋ ಕಭೀ' ಎಂದು ಅಂಗಡಿಯವ ನಗುತ್ತ ಬೇರೆ ಕ್ಯಾಸೆಟ್ಟು ಮುಂದೆ ಹಿಡಿಯುತ್ತಿದ್ದ. ಬ್ಯಾಟರಿ ಇಳಿದು ಸ್ವರ ಕೂದಲೆಳೆಯಷ್ಟು ಜಗ್ಗಿದರೂ ಕಾಕಾನಿಗೆ ಹಲ್ಲುನೋವು ಬಂದಂತಾಗುತ್ತಿತ್ತು. ಅದಕ್ಕೇ ಊಟದ ಚೀಲದಲ್ಲಿ ಚಪಾತಿ ಡಬ್ಬಿಯ ಪಕ್ಕ ಸದಾ ನಾಲ್ಕು ಹೊಸ ಬ್ಯಾಟರಿ.

'ಬ್ಯಾಸರಾಗಂಗಿಲ್ಲೇನು ಕಾಕಾ?' ಎಂದು ಒಮ್ಮೆ ಕೇಳಿದ್ದೆ.

'ಹದಿನಾಲ್ಕನೇ ನಿಮಿಷದಾಗ ಕಮಾನು ಒಮ್ಮೆ ಕಿರ್ ಅಂತೈತಿ ಪುಟ್ಟಿ. ದಿನಾ ಅಲ್ಲೇ ಅಂತೈತಿ. ನಿಮ್ಮತ್ತಿ ಯಾವಾಗ ಕಿರ್ ಅಂತಾಳ, ಹೇಳಾಕ ಬರಂಗಿಲ್ಲ.'

ಅತ್ತಿ, ಅಂದರೆ ಅಪ್ಪನ ತಂಗಿ, ಅಲ್ಲೇ ಅಕ್ಕಿ ಆರಿಸುತ್ತ ಕೂತಿದ್ದಳು. 'ಹಾಡು ಹಚ್ಚಿಕೋತೀಯಪಾ, ಮಂದೀನ ಹಚ್ಚಿಕೊಳ್ಳಂಗಿಲ್ಲ' ಎಂದಳು. ನಮ್ಮ ಮನೆಯಲ್ಲಿ ಅದೊಂದು ಗಾದೆಯೇ ಆಗಿಹೋಗಿತ್ತು.

ಕಾಕಾನದು ಇನ್ನೊಂದು ಮಾತು: 'ಇದು ಖರೇ ಏನು?' ಯಾರು ಏನು ಹೇಳಲಿ, ಮೊದಲು ಅದನ್ನು ಕೇಳುತ್ತಿದ್ದ. ಅದರಲ್ಲಿ ಅನುಮಾನವಿರಲಿಲ್ಲ. ಹೌದು ಅಂದರೆ ಆಯಿತು, ಅಲ್ಲಿಗೆ ಅದನ್ನು ನಂಬುತ್ತಿದ್ದ.

ನಗರದ ಅಂಚಿನ ಕೊಂಡಾಪುರದಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ. ಅಲ್ಲೊಂದು ಸಾಫ್ಟ್‌ವೇರ್ ಕಂಪನಿಯಲ್ಲಿ, ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವ ಕೆಲಸ ಅವನಿಗೆ. ಕಿವಿಯಲ್ಲಿ ಸಾರಂಗಿ, ಕಣ್ಣಲ್ಲಿ ತಪ್ಪು. ನಾಲ್ಕು ವರ್ಷ ಹಾಗೆ ಸುಸೂತ್ರ ನಡೆಯಿತು. ಮುಂದಿನ ತಿಂಗಳು ರಾಯಚೂರಿನಿಂದ ಹೆಣ್ಣಿನವರು ಬಂದು ಅವನನ್ನು ನೋಡುವುದಿತ್ತು. ಗಂಡಿನ ಕಿವಿಯ ಮೇಲಿನದನ್ನು ಕಂಡು ಅವರೇನಂದಾರೋ ಎಂದು ಅಪ್ಪನಿಗೆ ಚಿಂತೆ. ಆಗ ಒಂದು ಸಂಜೆ ಅಪ್ಪ ನನ್ನನ್ನು ಪಡಸಾಲೆಗೆ ಕರೆದರು.

'ಅವನ ಆಫೀಸಿನಿಂದ ಫೋನ್ ಬಂದಿತ್ತು. ಕಿವ್ಯಾಗ ತುರುಕ್ಕೊಂಡು ಕೂತ್ರ ಟೀಮಿನಾಗ ನಡ್ಯಂಗಿಲ್ಲಂತ. ನೌಕರಿ ಹೋಗ್ತೈತಿ. ನಾ ಹೇಳಿದ್ರ ಕೇಳಂಗಿಲ್ಲ ಅಂವ. ನೀ ಕಪ್ ಗೆದ್ದಾಕಿ, ನೀ ಹೇಳು.'

ನನಗೆ ಆಗ ಹದಿನಾರು. ಪಕ್ಷ ಸಿಕ್ಕಿತ್ತು, ಎದುರಾಳಿ ಸಿಕ್ಕಿದ್ದ, ಇನ್ನೇನು ಬೇಕು? ಕಾಕಾನ ಮುಂದೆ ಕೂತು ಬೆರಳು ಮಡಿಸಿದೆ. ಸಂಗೀತ ಪ್ರೀತಿಸುವವರು ಹೊಸದನ್ನು ಹುಡುಕುತ್ತಾರೆ. ನೀನು ಹುಡುಕುವುದಿಲ್ಲ. ಆದ್ದರಿಂದ ನಿನ್ನದು ಪ್ರೀತಿಯಲ್ಲ, ಚಟ. ಚಟವನ್ನು ಬಿಡಬಹುದು, ಬಿಡಬೇಕು.

ಕಾಕಾ ನಾನು ಮಡಿಸಿದ ಬೆರಳುಗಳನ್ನು ಇನ್ನೊಮ್ಮೆ ಎಣಿಸಿದ. 'ಇದು ಖರೇ ಏನು?'

'ಖರೇ' ಎಂದೆ.

'ನಿನ್ನ ಮಾತಿನಾಗ ತಪ್ಪು ಹುಡುಕಾಕತ್ತೀನಿ. ಸಿಗವಲ್ದು.' ಎದ್ದುಹೋಗಿ ವಾಕ್‌ಮನ್ ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ. ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡವನಿಗೆ ನನ್ನ ಮಾತಿನ ತಪ್ಪು ಸಿಗಲಿಲ್ಲ. ನಾನು ಆ ಸಂಜೆ ಹಿಗ್ಗಿದ್ದೆ, ಮುಚ್ಚಿಡುವುದಿಲ್ಲ.

ವಾಕ್‌ಮನ್ ಬಿಟ್ಟ ಹನ್ನೊಂದನೇ ದಿನ ಕಾಕಾ ಕೊಂಡಾಪುರದಿಂದ ನಾರಾಯಣಗೂಡಕ್ಕೆ ಹದಿನೈದು ಕಿಲೋಮೀಟರಿಗೂ ಹೆಚ್ಚು ನಡೆದು ಬಂದ. ಆ ಬಿಸಿಲಲ್ಲಿ, ಆ ಟ್ರಾಫಿಕ್ಕಿನಲ್ಲಿ, ಎರಡೂ ಕೈ ಕಿವಿಯ ಮೇಲಿಟ್ಟುಕೊಂಡು. 'ಯಾರದೋ ಬರ್ತ್‌ಡೇ. ಕೇಕ್ ಕತ್ತರಿಸಿದ್ರು. ಚಪ್ಪಾಳಿ ನಿಂದರವಲ್ದಾತು' ಎಂದ. ಅಷ್ಟೇ. ಮತ್ತೆ ಆ ಕಡೆ ಹೋಗಲಿಲ್ಲ. ನೌಕರಿ ಇಲ್ಲವೆಂದು ತಿಳಿದು ರಾಯಚೂರಿನವರೂ ಬರಲಿಲ್ಲ. ಆಮೇಲೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು, ಓಣಿಯ ಕಾಲೇಜು ಹುಡುಗರ ಪ್ರಾಜೆಕ್ಟ್ ವರದಿ ಟೈಪ್ ಮಾಡುತ್ತ ಮನೆಯಲ್ಲೇ ಉಳಿದ.

ಕಾಲೇಜಿಗೆ ಹೋದ ಮೇಲೆ ನಾನು ಆಟಿಸಂ ಬಗ್ಗೆ ಓದಿದೆ. ಒಂದೇ ಹಾಡನ್ನು ನೂರು ಸಲ ಕೇಳುವುದು ಅದಿರುವವರಲ್ಲಿ ಹಲವರಿಗೆ ಹುಚ್ಚಲ್ಲ, ಗದ್ದಲದಲ್ಲಿ ಹಿಡಿದು ನಿಲ್ಲುವ ಕಂಬ ಎಂದು ತಿಳಿಯಿತು. ಹಟ ಹಿಡಿದು ಕಾಕಾನನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಕಾಕಾನದೂ ಅದೇ ಎಂದು ಅವರು ಹೇಳಿದರು. 'ನಲವತ್ತರ ಗಂಡಸಿಗೆ ಈಗ ಹೆಸರಿಟ್ಟು ತೊಟ್ಟಿಲಾಗ ಹಾಕೋದೇನೈತಿ' ಎಂದು ಅಪ್ಪ ಪೇಪರ್ ತಿರುವಿದರು.

ಅವತ್ತೇ ಕಪಾಟು ತೆಗೆದು, ವಾಕ್‌ಮನ್ನಿಗೆ ಹೊಸ ಬ್ಯಾಟರಿ ಹಾಕಿ ಕಾಕಾನ ಮುಂದಿಟ್ಟೆ. 'ನಾ ಅವತ್ತ ಹೇಳಿದ್ದು ತಪ್ಪು ಕಾಕಾ. ಮತ್ತ ಹಚ್ಚಿಕೋ.'

'ಅವತ್ತ ಖರೇ ಅಂದಿದ್ದಿ.'

'ಅದು ವಾದ. ನಮಗೊಂದು ಪಕ್ಷ ಕೊಡ್ತಾರ, ಆ ಪಕ್ಷಕ್ಕ ಮಾತಾಡತೀವಿ. ನಂಬಲೇಬೇಕಂತಿಲ್ಲ.'

'ನಂಬದ ಹೇಳಿದ್ದೇನು?'

ನಾನು ವಾಕ್‌ಮನ್ನನ್ನು ಅವನ ಹತ್ತಿರ ಇನ್ನಷ್ಟು ತಳ್ಳಿದೆ. ಅವನು ಅದನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. 'ಹಂಗಾರ ಇವತ್ತಿಂದೂ ಒಂದು ಪಕ್ಷ ಇರಬಹುದು ಪುಟ್ಟಿ.' ಅದರಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ಹಾಗೆ ಬರುತ್ತಿತ್ತು, ಹಾಗೆ ಹೇಳಿದ. ಮರುವರ್ಷ ಜ್ವರ ಹಿಡಿದು ಕಾಕಾ ಹೋಗಿಬಿಟ್ಟ. ವಾಕ್‌ಮನ್ ಕಪಾಟಿನಲ್ಲೇ ಇತ್ತು.

ಹದಿಮೂರನೇ ದಿನ ಅವನ ಹಳೆಯ ಆಫೀಸಿನ ಗೆಳೆಯರೊಬ್ಬರೂ ಬಂದಿದ್ದರು, ಕಾಕಾನ ಪಕ್ಕದ ಕುರ್ಚಿಯವರು. 'ಮೀ ಬಾಬಾಯಿ ಚಾಲಾ ಮಂಚೋಡಮ್ಮಾ' ಎಂದು ತೆಲುಗಿನಲ್ಲಿ ಶುರು ಮಾಡಿ ಕಾಕಾನ ಒಳ್ಳೆಯತನ ಹೊಗಳಿದರು. ಆಮೇಲೆ ತಮಗೆ ಇಷ್ಟು ವರ್ಷ ಅರ್ಥವಾಗದ ಒಂದು ಸಂಗತಿ ಕೇಳಿದರು. ಅವರ ಆಫೀಸಿನಲ್ಲಿ ಅರ್ಧಕ್ಕರ್ಧ ಜನ ಕಿವಿಗೆ ಏನಾದರೂ ಹಾಕಿಕೊಂಡೇ ಕೂತಿರುತ್ತಿದ್ದರಂತೆ. ಕಾಕಾನಷ್ಟು ತಪ್ಪು ಹಿಡಿಯುವವರು ಇರಲಿಲ್ಲವೆಂದು ಮ್ಯಾನೇಜರೇ ಅವನಿಗೊಂದು ಹೆಡ್‌ಫೋನ್ ಉಡುಗೊರೆ ಕೊಟ್ಟಿದ್ದರಂತೆ. 'ಅಂಥಾವರು ಒಂದಿನ ಇದ್ದಕ್ಕಿದ್ದಂಗೆ ಯಾಕೆ ಹಾಕಿಕೊಳ್ಳೋದು ಬಿಟ್ಟರಮ್ಮಾ?'

ಬಂದವರೆಲ್ಲ ಉಂಡು ಹೋದ ಮೇಲೆ ಮನೆಯವರು ಎಲೆ ಹಾಕಿಕೊಂಡೆವು. ಅಪ್ಪ ತಲೆ ತಗ್ಗಿಸಿ ಅನ್ನಕ್ಕೆ ಮಜ್ಜಿಗೆ ಕಲಸುತ್ತಿದ್ದರು. ಅತ್ತಿ ಉಪ್ಪಿನಕಾಯಿ ಬಡಿಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಏಕೆಂದರೆ ನಾನು ಕೇಳಿಬಿಟ್ಟಿದ್ದೆ:

'ಅಪ್ಪಾ, ಅವತ್ತ ಫೋನ್ ಬಂದಿದ್ದು ಖರೇ ಏನು?'