ಡೊಂಕು ಗೆರೆಯ ಮಾನಿಟರ್

ನೀವು ಹೇಳಿದ್ದಕ್ಕೆಲ್ಲ ಎದುರಿನವರು ಹೌದು ಹೌದು ಎನ್ನುತ್ತಿದ್ದರೆ ಹಿಗ್ಗಬೇಡಿ, ಒಮ್ಮೆ ಹೋಗಿ ಕಣ್ಣು ತೋರಿಸಿಕೊಂಡು ಬನ್ನಿ. ಬಲಗಣ್ಣನ್ನು ಕೊಟ್ಟು ಕೊಂಡ ಬುದ್ಧಿ ಇದು, ನಿಮಗೆ ಪುಕ್ಕಟೆಯಾಗಿ ಕೊಡುತ್ತಿದ್ದೇನೆ. ಇದನ್ನು ಬರೆಯುತ್ತಿರುವುದು ಎಡಗಣ್ಣಿನ ದಯೆಯಿಂದ. ಅದು ಇನ್ನೂ ಇದೆ, ಎಷ್ಟು ದಿನ ಇರುತ್ತದೋ ತಿಳಿಯದು. ಬಲಗಣ್ಣು ಹೋದದ್ದು ಬಿದ್ದಲ್ಲ, ಪೆಟ್ಟು ತಿಂದಲ್ಲ. ನಾನು ಮನೆಯ ಕಂಪ್ಯೂಟರ್ ರಿಪೇರಿ ಮಾಡುತ್ತಾ ಕೂತಿದ್ದಾಗ ಅದು ಸದ್ದಿಲ್ಲದೆ ಎದ್ದು ಹೋಯಿತು.

ನಾನು ಹೊಳಲ್ಕೆರೆಯಲ್ಲಿ ಹೈಸ್ಕೂಲಿನ ಗಣಿತದ ಮೇಷ್ಟ್ರು. ನಮ್ಮ ಕಡೆ ಒಮ್ಮೆ ಮೇಷ್ಟ್ರಾದವನು ಸಾಯುವ ತನಕ ಮೇಷ್ಟ್ರೇ. ನನ್ನ ಕೈಲಿ ಕಿವಿ ಹಿಂಡಿಸಿಕೊಂಡವರು ಈಗ ತಲೆ ನರೆತು ಬ್ಯಾಂಕಿನಲ್ಲೋ ಮಂಡಿಯಲ್ಲೋ ಕೂತಿದ್ದಾರೆ. ಆದರೂ ದಾರಿಯಲ್ಲಿ ನಾನು ಕಂಡರೆ ಸ್ಕೂಟರಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಾರೆ. ಸೊಸೈಟಿಯ ಮೀಟಿಂಗಿರಲಿ, ಮದುವೆಯ ಮಾತುಕತೆಯಿರಲಿ, ಮೇಷ್ಟ್ರು ಹೇಳಿದ ಮೇಲೆ ಮುಗಿಯಿತು. ಮನೆಯಲ್ಲೂ ಇದೇ ಸಂವಿಧಾನ. ನಮ್ಮಾಕೆ ಗಂಗಮ್ಮ ಮದುವೆಯಾದಂದಿನಿಂದ ನನ್ನ ಮಾತಿಗೆ ಹೂಂಗುಟ್ಟಿಕೊಂಡೇ ಬಂದವಳು. ಇದನ್ನೆಲ್ಲ ನಾನು ಗೌರವ ಎಂದುಕೊಂಡಿದ್ದೆ. ಗೌರವವೇ ಹೌದು, ಅನುಮಾನವಿಲ್ಲ.

ಹೈಸ್ಕೂಲುಗಳಿಗೆಲ್ಲ ಕಂಪ್ಯೂಟರ್ ಬರುತ್ತದಂತೆ ಎಂಬ ಸುದ್ದಿ ಹಬ್ಬಿದ್ದ ಕಾಲದಲ್ಲಿ ನಾನು ಮನೆಗೇ ಒಂದನ್ನು ತಂದೆ. ಪ್ರಶ್ನೆಪತ್ರಿಕೆಯಲ್ಲಿ ತ್ರಿಕೋನ, ವೃತ್ತ, ಛೇದಕಗಳನ್ನು ಅಚ್ಚುಕಟ್ಟಾಗಿ ಬರೆಯಬೇಕೆಂಬುದು ನನ್ನ ಆಸೆ. ನಮ್ಮ ಜಿಲ್ಲಾಕೇಂದ್ರ ದುರ್ಗದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ಅಂಗಡಿ ಇಟ್ಟುಕೊಂಡಿದ್ದ ತಿಪ್ಪೇಶ ಬಿಡಿಭಾಗಗಳನ್ನು ಕೂಡಿಸಿ ಅದನ್ನು ಕಟ್ಟಿಕೊಟ್ಟ. ಅವನೂ ನನ್ನ ಶಿಷ್ಯನೇ. ಡೊಂಕು ಗೆರೆ ಎಳೆಯುತ್ತಾನೆಂದು ಅವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದುಂಟು. ಅಂಗಡಿಯ ಯಜಮಾನನಾದ ಮೇಲೂ ನನ್ನೆದುರು ಅವನು ಕುರ್ಚಿಯಲ್ಲಿ ಕೂರುತ್ತಿರಲಿಲ್ಲ.

ಮೊದಲ ಸಲ ಯಂತ್ರ ಕೆಟ್ಟಾಗ ಅದು ನಿಜವಾಗಿಯೇ ಕೆಟ್ಟಿತ್ತು. ಗುಂಡಿ ಒತ್ತಿದರೆ ಒಂದು ಉದ್ದನೆಯ ಪೀಂ, ಹಿಂದೆಯೇ ಚಿಕ್ಕ ಪೀಂಗಳು, ಪರದೆ ಮಾತ್ರ ಅಮಾವಾಸ್ಯೆ. ಫೋನಿನಲ್ಲಿ ತಿಪ್ಪೇಶ, ಪರದೆಗೆ ಚಿತ್ರ ಕಳಿಸುವ ಡಿಸ್ಪ್ಲೇ ಕಾರ್ಡಿನ ಕಾಲು ಮಾಸಿರಬೇಕು, ಬಿಚ್ಚಿ ರಬ್ಬರಿನಿಂದ ಉಜ್ಜಿ ನೋಡಿ ಎಂದ. ನಾನು ಡಬ್ಬಿ ಬಿಚ್ಚಿ, ಕಾರ್ಡು ಕಿತ್ತು, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಅದರ ಚಿನ್ನದ ಬಣ್ಣದ ಅಂಚನ್ನು ಉಜ್ಜಿ ಮತ್ತೆ ಸಿಕ್ಕಿಸಿದೆ. ಪರದೆ ಬೆಳಗಿತು. ಜೀವನವಿಡೀ ಮಕ್ಕಳ ತಪ್ಪು ಅಳಿಸಿದ ರಬ್ಬರು ಯಂತ್ರದ ತಪ್ಪನ್ನೂ ಅಳಿಸಿದ್ದು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಂದಿನಿಂದ ಸ್ಟಾಫ್ ರೂಮಿನಲ್ಲಿ ನಾನು ಗಣಿತಕ್ಕಿಂತ ಡಿಸ್ಪ್ಲೇ ಕಾರ್ಡಿನ ವಿಷಯದಲ್ಲೇ ಹೆಚ್ಚು ಮಾತಾಡಿದೆ. ಕೇಳುವವರು ತಲೆದೂಗಿದರು.

ಎರಡನೆಯ ಕಾಯಿಲೆ ಬಂದದ್ದು ಪೂರ್ವಸಿದ್ಧತಾ ಪರೀಕ್ಷೆಯ ಸಮಯದಲ್ಲಿ. ಸಮಾಂತರ ರೇಖೆಗಳ ಲೆಕ್ಕವೊಂದಕ್ಕೆ ಚಿತ್ರ ಬರೆದಿದ್ದೆ. ಎರಡೂ ಗೆರೆಗಳು ನಡುವಿಗೆ ಬಂದಾಗ ಒಂದಿಷ್ಟು ಸೊಟ್ಟಗಾಗಿ, ಆಚೆ ಹೋಗಿ ಮತ್ತೆ ನೆಟ್ಟಗಾದವು. ಅಳಿಸಿ ಬರೆದೆ, ಮತ್ತೆ ಹಾಗೇ. ನಮ್ಮಾಕೆಯನ್ನು ಕರೆದು, ಗೆರೆ ನಡುವೆ ಡೊಂಕಾಗಿದೆಯಲ್ಲವೇ ಎಂದು ತೋರಿಸಿದೆ. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಗ್ಗಿ, ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದಳು.

"ಹೂಂ, ಒಂದಿಷ್ಟು ಡೊಂಕೈತೆ" ಅಂದಳು.

ಮರುದಿನ ಮನೆಗೆ ಬಂದ ಡ್ರಿಲ್ ಮೇಷ್ಟ್ರಿಗೂ ತೋರಿಸಿದೆ. ಅವರಿಗೆ ನನಗಿಂತ ಹೆಚ್ಚು ಡೊಂಕು ಕಂಡಿತು. ನಾನು ಒಂದು ಕಡೆ ಎಂದರೆ ಅವರು ಎರಡು ಕಡೆ ತೋರಿಸಿದರು. ಇಬ್ಬರು ಸಾಕ್ಷಿಗಳು ಸಿಕ್ಕ ಮೇಲೆ ಗಣಿತದ ಮೇಷ್ಟ್ರಿಗೆ ಇನ್ನೇನು ಬೇಕು? ಪ್ರಮೇಯ ಸಾಧಿತವಾಯಿತು, ಮಾನಿಟರ್ ಕೆಟ್ಟಿದೆ.

ಆಮೇಲೆ ನಾನು ಮಾಡಿದ ಚಿಕಿತ್ಸೆಗಳನ್ನು ನೆನೆದರೆ ಈಗಲೂ ನಗು ಬರುತ್ತದೆ. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರನ್ನು ತೆಗೆದು ಹಾಕಿದೆ, ಹಾಕಿ ತೆಗೆದೆ. ಪರದೆಗೆ ಹತ್ತಿದ ಅಯಸ್ಕಾಂತದ ಗುಣ ಇಳಿಸುವ ಗುಂಡಿ ಒತ್ತಿದಾಗಲೆಲ್ಲ ಮಾನಿಟರ್ ಮೈಮೇಲೆ ದೇವರು ಬಂದಂತೆ ಒಮ್ಮೆ ನಡುಗಿ ಸುಮ್ಮನಾಗುತ್ತಿತ್ತು, ಗೆರೆ ಮಾತ್ರ ಅಲ್ಲೇ. ವೋಲ್ಟೇಜು ಏರಿಳಿಯುತ್ತದೆಂದು ಸ್ಟೆಬಿಲೈಸರ್ ತಂದೆ. ಚಿಕ್ಕಜಾಜೂರಿನ ಕಡೆಯಿಂದ ಅದಿರು ತುಂಬಿಕೊಂಡು ಹೋಗುವ ಗೂಡ್ಸ್ ರೈಲುಗಳ ಕಬ್ಬಿಣವೇ ಪರದೆಯನ್ನು ಎಳೆಯುತ್ತಿದೆ ಎಂಬ ಸಿದ್ಧಾಂತವನ್ನೂ ಮಂಡಿಸಿದೆ. ಸ್ಟಾಫ್ ರೂಮಿನಲ್ಲಿ ಅದನ್ನು ಯಾರೂ ಅಲ್ಲಗಳೆಯಲಿಲ್ಲ, ವಿಜ್ಞಾನದ ಮೇಷ್ಟ್ರು ಕೂಡ.

ಮಾನಿಟರಿನ ಹೊಟ್ಟೆಯಲ್ಲಿ ಗುಂಡಿ ಒತ್ತಿದರೆ ಪರದೆಯ ಮೇಲೆ ಬರುವ ಒಂದು ಪಟ್ಟಿ ಇತ್ತು, ಚಿತ್ರವನ್ನು ಹಿಗ್ಗಿಸಲು, ತಿರುಗಿಸಲು, ಬದಿಗಳನ್ನು ಉಬ್ಬಿಸಲು. ಅಲ್ಲಿ ತ್ರಾಪಿಜ್ಯದ ಚಿತ್ರವೊಂದನ್ನು ಕಂಡು ಹಳೆಯ ಗೆಳೆಯ ಸಿಕ್ಕಷ್ಟು ಖುಷಿಯಾಯಿತು. ಅದನ್ನು ಒತ್ತಿ, ಇದನ್ನು ಒತ್ತಿ, ನನ್ನ ಕಣ್ಣಿಗೆ ಗೆರೆ ತಕ್ಕಮಟ್ಟಿಗೆ ನೆಟ್ಟಗಾಗುವ ತನಕ ಪರದೆಯನ್ನು ತಿದ್ದಿದೆ. ಅಂದಿನಿಂದ ಉಳಿದವರಿಗೆ ಅದು ನಿಜವಾಗಿಯೂ ಡೊಂಕಾಯಿತು. ನನಗೆ ಒಪ್ಪವಾದಾಗ ಅವರಿಗೆ ಸೊಟ್ಟ, ಆದರೂ ಅವರು ಈಗ ಸರಿಯಾಯಿತು ಎಂದರು.

ಅಚ್ಚು ಹಾಕಿದ ಹಾಳೆಯಲ್ಲೂ ಗೆರೆ ನಡುವೆ ಬಾಗಿ ಕಂಡಾಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಕಾರ್ಡು ಪ್ರಿಂಟರಿಗೂ ತಪ್ಪು ಸುದ್ದಿ ಕಳಿಸುತ್ತಿದೆ ಎಂದು ತಿಪ್ಪೇಶನಿಗೆ ಹೇಳಿದೆ. ಆ ಕಾರ್ಡಿಗೂ ಪ್ರಿಂಟರಿಗೂ ಸಂಬಂಧವೇ ಇಲ್ಲವೆಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೌದು ಸಾರ್, ಇರಬಹುದು ಅಂದ. ಶಾಲೆಯ ಕಪ್ಪುಹಲಗೆಯ ಮೇಲೂ ಗೆರೆ ಸೊಟ್ಟ ಕಂಡಿತು, ಹಲಗೆ ಹಳೆಯದು, ಉಬ್ಬಿದೆ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಲೆಕ್ಕ ತಪ್ಪಿದ ಮಕ್ಕಳ ಮೇಲೆ ವರ್ಷಗಟ್ಟಲೆ ಎಸೆದ ಮನುಷ್ಯ ನಾನು.

ಗೆರೆ ಎಂಬುದೇ ವಿಚಿತ್ರ ವಸ್ತು. ಅದಕ್ಕೆ ಉದ್ದವುಂಟು, ಅಗಲವಿಲ್ಲ ಎಂದು ಕಲಿಸುತ್ತೇವೆ. ಅಗಲವಿಲ್ಲದ್ದು ಕಾಣುವುದು ಹೇಗೆ ಸಾರ್ ಎಂದು ಇವತ್ತಿನವರೆಗೆ ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ. ಹೌದು ಎಂದು ಬರೆದುಕೊಂಡಿದ್ದಾರೆ. ದುರ್ಗದ ಕೋಟೆ ಕಟ್ಟಿದವರು ಇಂಥ ಹೌದಪ್ಪಗಳಲ್ಲ. ಒಂದು ಬಾಗಿಲಿಗೆ ನೇರವಾಗಿ ಇನ್ನೊಂದು ಬಾಗಿಲು ಬರದಂತೆ, ವೈರಿಯ ಆನೆ ಓಡಿಬಂದು ಗುದ್ದಲಾಗದಂತೆ, ದಾರಿಯನ್ನು ತಿರುವಿ ತಿರುವಿ ಕಟ್ಟಿದ್ದಾರೆ. ಡೊಂಕು ಅವರನ್ನು ಕಾಯುತ್ತಿತ್ತು. ನನ್ನ ಪರದೆಯ ಡೊಂಕೂ ನನ್ನನ್ನು ಕಾಯಲೆಂದೇ ಬಂದಿತ್ತು, ನಾನು ಗುಂಡಿ ಒತ್ತಿ ಒತ್ತಿ ಅದರ ಬಾಯಿ ಮುಚ್ಚಿಸಿದೆ.

ತಿಪ್ಪೇಶ ಕಾರ್ಡು ಬದಲಿಸಿದ, ಆಮೇಲೆ ಕೇಬಲ್ಲು. ಒಂದೊಂದೇ ಭಾಗ ಬದಲಿಸುತ್ತಾ ಹೋಗಬೇಕು, ಯಾವುದನ್ನು ಬದಲಿಸಿದಾಗ ರೋಗ ಹೋಗುತ್ತದೋ ಅದೇ ರೋಗಿ. ಇದು ಅವನ ಕಸುಬಿನ ನಿಯಮ, ನನಗೆ ತುಂಬಾ ಹಿಡಿಸಿದ ನಿಯಮ. ಕೊನೆಗೆ ಮಾನಿಟರ್ ಒಂದೇ ಉಳಿಯಿತು. ಬೇರೆಯದನ್ನು ನೋಡೋಣವೆಂದು ಒಂದು ದಿನ ದುರ್ಗಕ್ಕೆ ಹೋದೆ. ನಮ್ಮಾಕೆಯೂ ಕುಕ್ಕರಿಗೆ ಹೊಸ ರಬ್ಬರು ಹಾಕಿಸಬೇಕೆಂದು ಜೊತೆಗೆ ಬಂದಳು.

ತಿಪ್ಪೇಶ ಡಬ್ಬಿಯಿಂದ ಆಗ ತಾನೇ ತೆಗೆದ ಮಾನಿಟರಿನಲ್ಲಿ ನನ್ನ ಸಮಾಂತರ ರೇಖೆಗಳನ್ನು ತೆರೆದ. ನೋಡಿದೆ. ನಡುವೆ ಅದೇ ಸೊಟ್ಟ, ಅಷ್ಟೇ ಅಲ್ಲ, ಅಲ್ಲೊಂದು ಹೊಗೆಯಂಥ ಮಸುಕು.

"ಇದ್ರಾಗೂ ಐತಲ್ಲೋ ತಿಪ್ಪೇಶ" ಅಂದೆ.

"ಹೌದು ಸಾರ್, ಒಂಚೂರು ಐತೆ" ಅಂದ ಅವನು, ಕೈಕಟ್ಟಿಕೊಂಡು.

ನಮ್ಮಾಕೆ ಮುಂದೆ ಬಂದಳು. ಪರದೆಯನ್ನು ನೋಡಿದಳು, ತಿಪ್ಪೇಶನನ್ನು ನೋಡಿದಳು, ಕೊನೆಗೆ ನನ್ನನ್ನು.

"ನನಗೇನೂ ಕಾಣವಲ್ದು. ನೆಟ್ಟಗೈತೆ. ಮನೇಲಿದ್ದುದೂ ಮೊದಲು ನೆಟ್ಟಗೇ ಇತ್ತು" ಅಂದಳು.

ಶಿಷ್ಯನ ಅಂಗಡಿಯಲ್ಲಿ, ಬೇರೆ ಗಿರಾಕಿಗಳ ಎದುರಿಗೆ, ಹೆಂಡತಿ ನನ್ನ ಮಾತನ್ನು ತಳ್ಳಿಹಾಕಿದಳು. ಸಿಟ್ಟಿನಿಂದ ಕುಕ್ಕರಿನ ರಬ್ಬರನ್ನೂ ಹಾಕಿಸಲು ಬಿಡದೆ ಅವಳನ್ನು ಬಸ್ಸು ಹತ್ತಿಸಿದೆ. ಮುಖ ತಿರುಗಿಸಿ ಕಿಟಕಿಯ ಕಡೆ ಕೂತೆ. ಊರು ದಾಟಿದ ಮೇಲೆ ರಸ್ತೆಯ ಪಕ್ಕದ ಲೈಟು ಕಂಬಗಳು ಒಂದರ ಹಿಂದೊಂದು ಬರತೊಡಗಿದವು. ನಾನು ನೇರವಾಗಿ ನೋಡಿದ ಪ್ರತಿಯೊಂದು ಕಂಬವೂ ನಡು ಮುರಿದುಕೊಂಡು ನಿಂತಿತ್ತು. ನೋಟ ಸರಿಸಿದರೆ ಅದು ನೆಟ್ಟಗಾಗುತ್ತಿತ್ತು, ಮುಂದಿನದು ಮುರಿಯುತ್ತಿತ್ತು. ಅಷ್ಟು ಕಂಬಗಳಿಗೆ ಡಿಸ್ಪ್ಲೇ ಕಾರ್ಡು ಇರುವುದಿಲ್ಲ. ಎಲ್ಲ ಭಾಗವನ್ನೂ ಬದಲಿಸಿ ನೋಡಿದ್ದೆವು, ನೋಡುವವನೊಬ್ಬನನ್ನು ಬಿಟ್ಟು. ಬಹಳ ಹೆದರಿಕೆಯಾಯಿತು. ಸಿಟ್ಟು ಎಲ್ಲಿ ಹೋಯಿತೋ ತಿಳಿಯದು, ನಾನು ಅವಳ ಕೈ ಹಿಡಿದುಕೊಂಡೆ. ಬಸ್ಸಿನಲ್ಲಿ ಹೀಗೆಲ್ಲ ಮಾಡುವವನಲ್ಲದ ಕಾರಣ ಅವಳಿಗೆ ಆಗಲೇ ಅರ್ಥವಾಯಿತು.

ದಾವಣಗೆರೆಯ ಕಣ್ಣಿನ ಡಾಕ್ಟರು ಮಾಡಿದ ಮೊದಲ ಪರೀಕ್ಷೆ ಎಷ್ಟು ಸುಲಭದ್ದೆಂದರೆ ಅದನ್ನು ನಾನು ಮನೆಯಲ್ಲೇ ಮಾಡಬಹುದಿತ್ತು. ಒಂದು ಕಣ್ಣು ಮುಚ್ಚಿ ಬಾಗಿಲ ಚೌಕಟ್ಟು ನೋಡಿ ಎಂದರು, ನೆಟ್ಟಗಿತ್ತು. ಇನ್ನೊಂದನ್ನು ಮುಚ್ಚಿಸಿದರು. ಚೌಕಟ್ಟು ಬಾಗಿತು, ಅದರ ನಡುಭಾಗ ಇರಲೇ ಇಲ್ಲ. ಬಲಗಣ್ಣಿನ ಹಿಂದೆ ನೋಟದ ನಟ್ಟನಡುವೆ ನೀರು ರಕ್ತ ಸೋರಿ ಗಾಯದ ಕಲೆ ಕಟ್ಟಿಬಿಟ್ಟಿದೆ, ಗೆರೆ ಡೊಂಕಾಗಿ ಕಂಡ ಮೊದಲ ವಾರದಲ್ಲೇ ಬಂದಿದ್ದರೆ ಲೇಸರ್ ಹಾಕಿ ತಡೆಯಲು ನೋಡಬಹುದಿತ್ತು ಎಂದರು. ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಡ್ರೈವರ್ ಬದಲಿಸುತ್ತಿದ್ದೆ ಎಂದೆ.

ಈಗ ಎಡಗಣ್ಣು ಮುಚ್ಚಿ ನೋಡಿದರೆ ನಮ್ಮಾಕೆಗೆ ಕಿವಿಯೋಲೆ ಇದೆ, ಮುಡಿದ ಹೂವಿದೆ, ಮುಖವಿಲ್ಲ. ಹೀಗೆ ನೋಡಬಾರದೆಂದುಕೊಂಡರೂ ಆಗಾಗ ನೋಡುತ್ತೇನೆ, ನೋಡಿ ಹೆದರಿ ಬೇಗ ಕಣ್ಣು ತೆರೆಯುತ್ತೇನೆ. ಸುದ್ದಿ ಕೇಳಿ ತಿಪ್ಪೇಶ ಮನೆಗೆ ಬಂದಿದ್ದ. ಬಾಗಿಲಲ್ಲೇ ನಿಂತು, ನಿಮ್ಮೆದುರಿಗೆ ಇಲ್ಲ ಅನ್ನಾಕೆ ಬಾಯಿ ಬರಲಿಲ್ಲ ಸಾರ್ ಎಂದು ಅತ್ತ. ಇದರಲ್ಲಿ ಅವನ ತಪ್ಪೇನು? ಇಲ್ಲ ಎನ್ನುವುದನ್ನು ಅವನಿಗೆ ಕಲಿಸಬೇಕಾಗಿದ್ದವನು ಗಣಿತವನ್ನಷ್ಟೇ ಕಲಿಸಿದ್ದ. ನಾನು ಅವನಿಗೆ ಕುರ್ಚಿ ತೋರಿಸಿದೆ, ಅಂದೂ ಅವನು ಕೂರಲಿಲ್ಲ.

ಎಡಗಣ್ಣಿಗೂ ಹೀಗಾಗಬಹುದು ಎಂದು ಡಾಕ್ಟರು ಎಚ್ಚರಿಸಿ ಒಂದು ಚೌಕುಳಿ ಹಾಳೆ ಕೊಟ್ಟಿದ್ದಾರೆ, ನಡುವೆ ಒಂದು ಚುಕ್ಕೆ. ದಿನಾ ಬೆಳಿಗ್ಗೆ ಬಲಗಣ್ಣು ಮುಚ್ಚಿ ಆ ಚುಕ್ಕೆಯನ್ನು ನೋಡಬೇಕು. ಸುತ್ತಲಿನ ಒಂದೇ ಒಂದು ಗೆರೆ ಬಾಗಿದರೂ ಅಂದೇ ಓಡಿ ಬರಬೇಕು. ನಮ್ಮಾಕೆ ಅದನ್ನು ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಾಳೆ. ನಾನು ಉತ್ತರ ಹೇಳುವ ತನಕ ಕಾಫಿ ಇಲ್ಲ. ನೋಡುವ ಮೊದಲೇ ನೆಟ್ಟಗಿದೆ ಎಂದುಬಿಡಬೇಕೆಂದು ಬಾಯಿ ತವಕಿಸುತ್ತದೆ. ಇಡೀ ಊರಿನ ಹೌದಪ್ಪತನ ನನ್ನ ನಾಲಗೆಯ ಮೇಲೇ ಬಂದು ಕೂತಿದೆ.

ಕಳೆದ ತಿಂಗಳು ಒಂದು ಬೆಳಿಗ್ಗೆ, ಚುಕ್ಕೆಯ ಕೆಳಗಿನ ಗೆರೆಯೊಂದು ಕೂದಲೆಳೆಯಷ್ಟು ಬಾಗಿದಂತೆ ಕಂಡಿತು. ಕಣ್ಣುಜ್ಜಿ ನೋಡಿದೆ. ಬಾಗಿತ್ತೋ, ನನ್ನ ಭಯ ಅದನ್ನು ಬಾಗಿಸಿತ್ತೋ.

"ಈ ಗೆರೆ ಒಂದಿಷ್ಟು ಡೊಂಕೈತಲ್ಲೇನೇ? ಒಲೆ ಹಬೆಗೆ ಹಾಳೆ ಉಬ್ಬಿರಬೇಕು" ಅಂದೆ.

ಅವಳು ಹಾಳೆಯ ಮೇಲೆ ಕೈಯಾಡಿಸಿದಳು. ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು. ಅವಳೊಮ್ಮೆ ಹೂಂ ಅಂದುಬಿಡಲಿ ಎಂದು ನನ್ನ ಇಡೀ ಜೀವ ಬೇಡಿಕೊಳ್ಳುತ್ತಿತ್ತು.

"ಇಲ್ಲ, ನೆಟ್ಟಗೈತೆ" ಅಂದಳು. ಹಾಲು ಉಕ್ಕುವ ಮೊದಲೇ ಗ್ಯಾಸ್ ಆರಿಸಿದಳು. "ಅಂಗಿ ಹಾಕ್ಕಳ್ರಿ. ದಾವಣಗೆರೆ ಬಸ್ಸು ಇನ್ನೂ ಹೋಗಿರಲ್ಲ, ಹೋಗಾಣ."