ಹಿಂದಕ್ಕೆ ಸರಿಯುವ ಹೆಜ್ಜೆ

ಶಾಸನದಲ್ಲಿ ರಾಜರ ಹೆಸರಿದೆ, ಅವರ ಅನ್ನ ಬೆಳೆದ ಕೂಲಿ ಹೆಂಗಸರದ್ದಿಲ್ಲ. ಭತ್ತದ ನಾಟಿಯ ಈ ನೃತ್ಯ ಅವರಿಗಾಗಿ ಎಂದರು ಶಿಕಾರಿಪುರದ ನಮ್ಮ ನೃತ್ಯದ ಮೇಡಂ. ನನಗೆ ಚರ್ಚಾಸ್ಪರ್ಧೆಯ ಚಟ. ನಿಮ್ಮ ನೃತ್ಯದಲ್ಲಾದರೂ ಯಾರ ಹೆಸರಿದೆ ಎಂದು ಕೇಳಿಬಿಟ್ಟೆ. ಹಾಗಾದರೆ ಒಂದು ಹೆಸರು ತಾ, ವೇದಿಕೆಯಲ್ಲಿ ನೀನೇ ಹೇಳು ಎಂದರು.

ತಾಳಗುಂದದ ನನ್ನಜ್ಜಿಯ ತಾಯಿ ಕಂಡವರ ಗದ್ದೆಯಲ್ಲಿ ನಾಟಿ ಮಾಡಿಯೇ ಸವೆದವಳು. ಆಕೆಯದೊಂದು ಫೋಟೋ ಇಲ್ಲ, ಪಹಣಿಯಲ್ಲಂತೂ ಹೆಸರಿರುವ ಮಾತೇ ಇಲ್ಲ. ಅಜ್ಜಿ ಆ ಹೆಸರು ಹೇಳಿದಳು, ಚೀಟಿಯಲ್ಲಿ ಬರೆದುಕೊಂಡೆ. ಪ್ರದರ್ಶನಕ್ಕೆ ಎರಡು ದಿನವಿದ್ದಾಗ ಅಭ್ಯಾಸ ನೋಡಲು ಅವಳನ್ನು ಕರೆತಂದೆ.

ಆರು ಹುಡುಗಿಯರು ಬಗ್ಗಿ, ಸಸಿ ನೆಡುವ ಕೈ ಮಾಡುತ್ತ, ಗೆಜ್ಜೆ ಕುಟ್ಟುತ್ತ ಮುಂದೆ ಮುಂದೆ ಬಂದರು. ಅಜ್ಜಿ ಕೂತಲ್ಲಿಂದಲೇ ಬಾಯಿಬಿಟ್ಟಳು.

"ಅಲ್ರೀ ಮೇಡಂ, ಮುಂದ್ ಬಂದ್ರೆ ನೆಟ್ಟಿದ್ದೆಲ್ಲ ಕಾಲಾಗ ಹೋತಲ್ರೀ. ನಾಟಿ ಮಾಡೋರು ಹಿಂದಕ್ ಸರೀತಾರೆ."

ಜನ ಮುಂದಿರುತ್ತಾರೆ, ಕುಣಿತ ಅವರತ್ತಲೇ ಹೋಗಬೇಕು ಎಂದರು ಮೇಡಂ. ತಿಂಗಳ ಅಭ್ಯಾಸ, ಈಗ ಬದಲಿಸಿದರೆ ತಾಳ ಕೆಡುತ್ತದೆ, ಇದೆಲ್ಲ ಸಂಕೇತ ಅಷ್ಟೆ. ಸಂಕೇತವೇ ಸಸಿ ತುಳಿದರೆ ಗೌರವ ಯಾರಿಗೆ ಎಂದು ನಾನು ಬಾಯಿ ಹಾಕಿದೆ. ಗೆದ್ದೆ ಅಂದುಕೊಂಡೆ. ಅಜ್ಜಿ ನನ್ನನ್ನೇ ತಡೆದಳು.

"ನೀ ಸುಮ್ನಿರು ತಂಗಿ. ಅವ್ರಿಗೆ ಹೆಂಗ್ ಬೇಕೋ ಹಂಗ್ ಕುಣೀಲಿ. ನಮ್ಮವ್ವನ ಹೆಸ್ರು ಮಾತ್ರ ಹೇಳ್ಬ್ಯಾಡ. ಅಕಿ ಒಂದು ಸಸಿ ತುಳಿದೋಳಲ್ಲ."

ಮರುದಿನ ಮೇಡಂ ಹೆಜ್ಜೆಯನ್ನು ಹಿಂದಕ್ಕೆ ತಿರುಗಿಸಿದ್ದರು. ಹುಡುಗಿಯರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ವಕೀಲಮ್ಮನ ದೆಸೆಯಿಂದ ಇದು ಎಂದು ನನ್ನನ್ನು ಬೈದರು. ಹೆಸರು ಹೇಳಲು ಅಜ್ಜಿ ಇನ್ನೂ ಒಪ್ಪಿಗೆ ಕೊಡಲಿಲ್ಲ. ನೋಡಿ ಹೇಳುತ್ತೇನೆ ಎಂದಳು.

ಸೊರಬದಲ್ಲಿ ಪ್ರದರ್ಶನ. ನಾನು ಮೈಕಿನ ಮುಂದೆ, ಅಜ್ಜಿ ಮೊದಲ ಸಾಲಿನಲ್ಲಿ. ನಾಟಿ ಶುರುವಾಯಿತು. ಸಾಲು ನೇರವಾಗಿಯೇ ಹಿಂದೆ ಸರಿಯುತ್ತಿತ್ತು. ಅಷ್ಟರಲ್ಲಿ ನಡುವಿನ ಹುಡುಗಿ ಹಳೆಯ ಅಭ್ಯಾಸಬಲದಿಂದ ಒಂದು ಹೆಜ್ಜೆ ಮುಂದಿಟ್ಟಳು. ಅಜ್ಜಿಯ ಮುಖ ಬಿಗಿಯಿತು. ಹೆಸರಿನ ಚೀಟಿಯನ್ನು ನಾನು ಮಡಚಿಬಿಟ್ಟೆ.

ಹುಡುಗಿ ಕುಣಿತ ನಿಲ್ಲಿಸಿದಳು. ಕಾಲು ಹಿಂದಕ್ಕೆಳೆದು, ತುಳಿದ ಜಾಗಕ್ಕೆ ಬಗ್ಗಿ, ಇಲ್ಲದ ಸಸಿಯನ್ನು ಎರಡು ಬೆರಳಿನಲ್ಲಿ ಎತ್ತಿ ನಿಲ್ಲಿಸಿ, ಬುಡಕ್ಕೆ ಮಣ್ಣು ಒತ್ತಿದಳು. ತಾಳ ಎಲ್ಲೋ ಹೋಯಿತು. ಪರದೆಯ ಬದಿಯಲ್ಲಿ ಮೇಡಂ ಹಣೆಗೆ ಕೈಯಿಟ್ಟುಕೊಂಡರು.

ನಾನು ಅಜ್ಜಿಯನ್ನೇ ನೋಡುತ್ತಿದ್ದೆ. ಅವಳು ನನ್ನತ್ತ ತಿರುಗಲಿಲ್ಲ. ಆ ಹುಡುಗಿಯನ್ನು ನೋಡುತ್ತಲೇ ಹೂಂ ಎಂಬಂತೆ ಗದ್ದ ಅಲುಗಿಸಿದಳು.

ಹೆಸರು ಹೇಳಿದೆ. ಎಷ್ಟೋ ವೇದಿಕೆಗಳಲ್ಲಿ ಎದುರಾಳಿಯ ಬಾಯಿ ಮುಚ್ಚಿಸಿದ ನಾಲಿಗೆ, ಆ ಮೂರು ಅಕ್ಷರಕ್ಕೆ ತಡವರಿಸಿತು.