ಆರ್ಡರಿಲ್ಲದ ಮಗ್ಗ

ಕೊಳ್ಳೇಗಾಲದಲ್ಲಿ ನಲವತ್ತು ಮಗ್ಗಗಳ ರೇಷ್ಮೆ ಸೀರೆ ಕಂಪನಿ ಕಟ್ಟಿದ ಗುರುಮಲ್ಲಪ್ಪನವರ ಆಫೀಸಿನ ಕುರ್ಚಿ ಬಿಸಿಯಾದದ್ದನ್ನು ಕಂಡವರಿಲ್ಲ. ಬಿಳಿಗಿರಿರಂಗನ ಬೆಟ್ಟದ ದಾರಿಯಲ್ಲಿ ಮುತ್ತುಗದ ಹೂ ಕಂಡರೆ ಸಾಕು, ಕಾರು ನಿಲ್ಲಿಸಿ, ಬಣ್ಣ ಹಾಕುವವರಿಗೆ ತೋರಿಸಲು ಕೊಂಬೆಯನ್ನೇ ಮುರಿದು ತರುತ್ತಿದ್ದರು. ಒಂದು ಮಗ್ಗವನ್ನು ಮಾತ್ರ ಅವರು ಯಾವ ಅಂಗಡಿಯ ಆರ್ಡರಿಗೂ ಕೊಡುತ್ತಿರಲಿಲ್ಲ. ಅದರಲ್ಲಿ ನೇಕಾರರು ತಮಗೆ ತೋಚಿದ್ದನ್ನು ನೇಯಬೇಕು. "ಇದ್ನ ಯಾರೂ ತಕಳಲ್ಲ ಸಾ, ಕೆಟ್ಟೋಯ್ತು," ಎಂದು ನೇಕಾರ ನಿಂಗರಾಜು ಅಳುಕಿದರೆ, "ಕೆಟ್ರೆ ಕೆಡ್ಲಿ ಕಣ್ಲಾ. ಮಾರೋದ್ನೇ ನೇಯ್ತಾ ಕುಂತ್ರೆ ಕೈ ಮೊಂಡಾಯ್ತದೆ," ಎಂದು ಆ ಸೀರೆಯನ್ನು ಮನೆಗೆ ಒಯ್ಯುತ್ತಿದ್ದರು. ಮಗಳು ದೀಪಶ್ರೀಯ ಮದುವೆಗೂ ಅವರ ಹೆಂಡತಿ ಶಿವರತ್ನಮ್ಮ ಅಂಥದೇ ಒಂದನ್ನು ಉಟ್ಟರು. "ಇದ್ಯಾಕವ್ವ ಈ ಸೀರೆ?" ಎಂದು ನೆಂಟರು ನಕ್ಕಾಗ, ಸೆರಗನ್ನು ಅಗಲವಾಗಿ ಹರಡಿ, "ನಮ್ ನಿಂಗರಾಜು ನೇಯ್ದದ್ದು, ಇಂಥದು ಇನ್ನೊಂದಿಲ್ಲ," ಎಂದರು. ಊಟದ ಪಂಕ್ತಿಯಲ್ಲಿದ್ದ ನಿಂಗರಾಜು ಎಲೆಯಿಂದ ತಲೆ ಎತ್ತಿದ.